220 ಕಿಲೋಮೀಟರ್ ದೂರದಲ್ಲಿ: ಟೋಕಿಯೋ ಡೈರಿ, ಮಾರ್ಚ್ 2011

ಅಕ್ಕ ಟೋಕಿಯೋದಲ್ಲೇ ಹೆತ್ತಳು. ಬಾಣಂತನಕ್ಕೆ ಅವಳ ಅತ್ತೆ ಬಂದಿದ್ದರು. ವೀಸಾ ಮುಗಿದು ಫೆಬ್ರವರಿಯಲ್ಲಿ ಅವರು ಊರಿಗೆ ಮರಳಿದ ಮೇಲೆ ಅಕ್ಕ ಒಬ್ಬಳೇ ಆದಳು. ಆಯಿಗೆ ಮಂಡಿನೋವು, ಅಷ್ಟು ದೂರ ಕೂತು ಹೋಗಲು ಆಗುವುದಿಲ್ಲ. ಹಾಗಾಗಿ ಧಾರವಾಡದಲ್ಲಿ ಕೆಮಿಸ್ಟ್ರಿ ಎಂಎಸ್ಸಿ ಮುಗಿಸಿ ಯಲ್ಲಾಪುರದ ಮನೆಯಲ್ಲಿದ್ದ ನನ್ನನ್ನು ಕಳಿಸಿದರು. ಎರಡೂವರೆ ವಾರ ಇದ್ದು, ಪುಟ್ಟಿಯನ್ನು ಆಡಿಸಿ, ಆಗುವುದಾದರೆ ಚೆರ್ರಿ ಹೂವು ನೋಡಿ ಬರುವುದು ಅಂತ ಲೆಕ್ಕ. ಅಲ್ಲಿ ನೋಟ್‌ಬುಕ್‌ನಲ್ಲಿ ಗೀಚಿದ್ದನ್ನು ಈಗ ಸರಿಯಾಗಿ ಬರೆಯುತ್ತಿದ್ದೇನೆ. ಆಮೇಲೆ ತಿಳಿದ ಕೆಲವು ಸಂಗತಿಗಳೂ ಸೇರಿಕೊಂಡಿವೆ.

ಮಾರ್ಚ್ 9, ಬುಧವಾರ

ಬೆಳಿಗ್ಗೆ ನರಿತಾದಲ್ಲಿ ಇಳಿದೆ. ಭಾವ ಬಂದಿದ್ದರು. ಮನೆ ಇರುವುದು ನಿಶಿಕಸಾಯಿಯಲ್ಲಿ. ಟೋಕಿಯೋದ ಪೂರ್ವದ ಅಂಚು, ಎಡೊಗಾವಾ ವಾರ್ಡು. ನಮ್ಮ ದೇಶದವರು ಜಾಸ್ತಿ ಇರುವ ಜಾಗ. ಸ್ಟೇಷನ್ ಹತ್ತಿರವೇ ತೊಗರಿಬೇಳೆ, ಇಂಗು, ಸಾರಿನ ಪುಡಿ ಎಲ್ಲ ಸಿಗುತ್ತದೆ. ಎಂಟನೇ ಮಹಡಿಯ ಮನೆ ಸೇರಿ ಚಹ ಕುಡಿಯುತ್ತಿದ್ದೆ. ಹನ್ನೆರಡಕ್ಕೆ ಹದಿನೈದು ನಿಮಿಷ ಇದ್ದಾಗ ಮೇಲಿನ ದೀಪ ತೂಗಾಡಿತು. ನಾನು ಎದ್ದು ನಿಂತೆ. ಅಕ್ಕ ಪುಟ್ಟಿಯ ಬಟ್ಟೆ ಮಡಚುತ್ತಲೇ ಇದ್ದಳು. "ಇಲ್ಲಿ ಇದೆಲ್ಲ ಇದ್ದಿದ್ದೇ, ಕೂತ್ಕ." ಸೆಂಡೈ ಕಡೆಯ ಸಮುದ್ರದಲ್ಲಿ 7ಕ್ಕೂ ಮೇಲಿನ ಭೂಕಂಪ ಅಂತ ಟೀವಿಯಲ್ಲಿ ಬಂತು. ಅದು ದೊಡ್ಡದರ ಮುನ್ಸೂಚನೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಮಾರ್ಚ್ 10, ಗುರುವಾರ

ನಿದ್ದೆ. ಪುಟ್ಟಿಗೆ ಐದು ತಿಂಗಳು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ.

ಮಾರ್ಚ್ 11, ಶುಕ್ರವಾರ

ಮಧ್ಯಾಹ್ನ 2 ಗಂಟೆ 46 ನಿಮಿಷ. ಅಕ್ಕ ಅಡುಗೆಮನೆಯಲ್ಲಿದ್ದಳು. ಪುಟ್ಟಿ ಮಲಗಿದ್ದಳು. ಮೊದಲು ಸಣ್ಣಗೆ, ಎಲ್ಲೋ ಲಾರಿ ಹೋದ ಹಾಗೆ. ನಿಲ್ಲಲೇ ಇಲ್ಲ. ಆಮೇಲೆ ಇಡೀ ಕಟ್ಟಡ ದೋಣಿಯ ಹಾಗೆ ತೂಗತೊಡಗಿತು. ಅಕ್ಕ ಓಡಿಬಂದು ಪುಟ್ಟಿಯನ್ನು ಎತ್ತಿ ಊಟದ ಮೇಜಿನ ಕೆಳಗೆ ತೂರಿದಳು, ನನ್ನನ್ನೂ ಕಾಲು ಹಿಡಿದು ಎಳೆದಳು. ಕಪಾಟಿನ ಬಾಗಿಲು ತೆರೆದು ಸ್ಟೀಲ್ ಡಬ್ಬಿಗಳು ಒಂದೊಂದಾಗಿ ಬಿದ್ದವು. ಸಾಸಿವೆ ನೆಲದ ತುಂಬ. ಎಷ್ಟು ಹೊತ್ತು ಅಂತ ಹೇಳಲಾರೆ, ನಿಮಿಷಗಟ್ಟಲೆ ನಡೆಯಿತು. ಪುಟ್ಟಿ ಅಳಲಿಲ್ಲ. ಅಕ್ಕ ನನ್ನ ಕೈ ಹಿಡಿದ ಜಾಗದಲ್ಲಿ ಸಂಜೆಯವರೆಗೂ ಬೆರಳಿನ ಗುರುತಿತ್ತು.

ನಿಂತ ಮೇಲೆ ಹಾಲು ಬಿಸಿ ಮಾಡೋಣ ಅಂದರೆ ಗ್ಯಾಸ್ ಹತ್ತಲಿಲ್ಲ. ಜೋರಾಗಿ ನಡುಗಿದರೆ ಮೀಟರೇ ಗ್ಯಾಸ್ ನಿಲ್ಲಿಸಿಬಿಡುತ್ತದೆ ಅಂತೆ. ಮನೆ ಹೊರಗೆ ಮೀಟರಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಒಂದು ಗುಂಡಿ ಒತ್ತಿ ಮೂರು ನಿಮಿಷ ಕಾಯಬೇಕು. ಆ ಹೊತ್ತಿನಲ್ಲಿ ಸೋರಿಕೆ ಇದೆಯೋ ಅಂತ ಅದೇ ನೋಡಿಕೊಳ್ಳುತ್ತದೆ. ಮೂರು ನಿಮಿಷ ಕಾಯುವಷ್ಟರಲ್ಲಿ ಮತ್ತೆ ನಡುಗಿತು. ಮತ್ತೆ ಒತ್ತಿದೆ.

ಫೋನ್ ಇಲ್ಲ, ರೈಲು ಇಲ್ಲ. ಭಾವ ಒತೆಮಾಚಿಯಿಂದ ನಡೆದೇ ಬಂದರು. ಕಸಾಯಿ ಸೇತುವೆ ಮೇಲೆ ಸಾವಿರಾರು ಜನ, ಯಾರೂ ತಳ್ಳಾಡದೆ, ಹೆಚ್ಚು ಮಾತೂ ಇಲ್ಲದೆ ನಡೆಯುತ್ತಿದ್ದರಂತೆ. ಅವರು ಮನೆ ಮುಟ್ಟಿದಾಗ ರಾತ್ರಿ ಒಂಬತ್ತು. ಕೊಲ್ಲಿಯ ಆಚೆ ಆಕಾಶ ಕೆಂಪಾಗಿತ್ತು. ಇಚಿಹಾರಾದ ತೈಲ ಸಂಸ್ಕರಣಾಗಾರ ಉರಿಯುತ್ತಿತ್ತು.

ಟೀವಿಯಲ್ಲಿ ಕಪ್ಪು ನೀರು ಗದ್ದೆಗಳ ಮೇಲೆ ಹರಿದು ಬರುವುದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು. ಇದರ ನಡುವೆ ಫುಕುಶಿಮಾ ದೈಇಚಿ ಅನ್ನುವ ಹೆಸರು ಬಂತು. ಆರು ರಿಯಾಕ್ಟರ್, ಮೂರು ಓಡುತ್ತಿದ್ದವು, ಭೂಕಂಪ ಆದ ಕೂಡಲೇ ಮೂರೂ ತಾವಾಗಿಯೇ ನಿಂತಿವೆ. "ನಿಂತಿದೆಯಲ್ಲ, ಸಾಕಲ್ವಾ?" ಅಂದಳು ಅಕ್ಕ. ಸಾಲದು. ಸರಪಳಿ ಕ್ರಿಯೆ ನಿಂತರೂ ಇಂಧನದ ಕಾವು ದಿನಗಟ್ಟಲೆ ಏಳುತ್ತಲೇ ಇರುತ್ತದೆ. ಅದನ್ನು ತಣಿಸಲು ನೀರು ಹರಿಯಬೇಕು, ನೀರಿಗೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಹೊರಗಿನ ಲೈನು ಭೂಕಂಪಕ್ಕೆ ಹೋಯಿತು. ಡೀಸೆಲ್ ಜನರೇಟರು ಸುನಾಮಿಯ ನೀರಿನಲ್ಲಿ ಮುಳುಗಿದವು. ರಾತ್ರಿ ಅಣು ತುರ್ತುಸ್ಥಿತಿ ಘೋಷಣೆ ಆಯಿತು. ಒಂಬತ್ತೂವರೆ ಹೊತ್ತಿಗೆ ಮೂರು ಕಿಲೋಮೀಟರ್ ಒಳಗಿನವರು ಮನೆ ಬಿಡಿ ಅಂದರು.

ಮಾರ್ಚ್ 12, ಶನಿವಾರ

ಬೆಳಗಾಗುವುದರೊಳಗೆ ಮನೆ ಬಿಡಬೇಕಾದ ಮೂರು ಕಿಲೋಮೀಟರ್ ಹತ್ತಾಗಿತ್ತು. ಮಧ್ಯಾಹ್ನ 3:36ಕ್ಕೆ ಒಂದನೇ ರಿಯಾಕ್ಟರಿನ ಕಟ್ಟಡ ಸಿಡಿಯಿತು. ನಾವು ಅದನ್ನು ಟೀವಿಯಲ್ಲಿ ನೋಡಿದಾಗ ಸಂಜೆ ಐದರ ಹತ್ತಿರ. ಶಬ್ದವಿಲ್ಲದ ಚಿತ್ರ. ಬಿಳಿ ಹೊಗೆ ಪಕ್ಕಕ್ಕೆ ಚಿಮ್ಮಿತು, ಅದು ತಿಳಿಯಾದಾಗ ಗೋಡೆ ಇರಬೇಕಾದ ಕಡೆ ಬರೀ ಕಬ್ಬಿಣದ ಸಲಾಕೆ. ಸಿಡಿದದ್ದು ಜಲಜನಕ ಅನಿಲ, ರಿಯಾಕ್ಟರ್ ಅಲ್ಲ ಅಂದರು. ಆರೂವರೆಗೆ ಹತ್ತು ಇಪ್ಪತ್ತಾಯಿತು.

ಆಯಿಯ ಫೋನು. "ಕೂಸೇ, ಎಲ್ಲರೂ ಬಂದ್ಬುಡಿ. ಇಲ್ಲಿ ಟೀವಿಲಿ ಟೋಕಿಯೋನೇ ಹೋತು ಹೇಳ್ತಾ ಇದ್ದ." ಹಿಂದಿನಿಂದ ಅಪ್ಪನ ದನಿ. ನಾಗಪುರದಲ್ಲಿ ನಮ್ಮ ತಂಡ ದಕ್ಷಿಣ ಆಫ್ರಿಕಾ ಮೇಲೆ ವಿಶ್ವಕಪ್ ಪಂದ್ಯ ಆಡುತ್ತಿತ್ತು. ಅಪ್ಪ ಪಂದ್ಯ ಬಿಟ್ಟು ಸುದ್ದಿ ಹಾಕಿ ಕೂತಿದ್ದಾರೆ ಅಂದರೆ ಅಲ್ಲಿ ಎಷ್ಟು ಭಯವಾಗಿತ್ತು ಅಂತ ತಿಳಿಯಿತು. ಹೋಗುವುದಾದರೂ ಹೇಗೆ? ಪುಟ್ಟಿಯ ಪಾಸ್‌ಪೋರ್ಟ್ ಇನ್ನೂ ಕೈಗೆ ಬಂದಿರಲಿಲ್ಲ.

ಅಂಗಡಿಗೆ ಹೋದೆವು. ಬ್ರೆಡ್, ಅಕ್ಕಿ, ಬ್ಯಾಟರಿ, ಟಾಯ್ಲೆಟ್ ಪೇಪರ್ ಏನೂ ಇರಲಿಲ್ಲ. ಎರಡು ಸ್ಟೇಷನ್ ಆಚೆ ಉರಾಯಾಸುವಿನಲ್ಲಿ ನೆಲ ಕೆಸರಾಗಿ ಮೇಲೆ ಉಕ್ಕಿ ಬಂದಿದೆ, ನಲ್ಲಿ ನೀರಿಲ್ಲ, ಮನೆಗಳು ವಾಲಿವೆ ಅಂತ ಕ್ಯೂನಲ್ಲಿದ್ದ ತಮಿಳು ಅಕ್ಕ ಒಬ್ಬರು ಹೇಳಿದರು.

ಮಾರ್ಚ್ 13, ಭಾನುವಾರ

ಭಾವನ ಕಂಪ್ಯೂಟರಿನಲ್ಲಿ ನಕ್ಷೆ ತೆರೆದು ಅಳೆದೆ. ಫುಕುಶಿಮಾ ಸ್ಥಾವರದಿಂದ ನಿಶಿಕಸಾಯಿಗೆ ನೇರ ಗೆರೆಯಲ್ಲಿ 220 ಕಿಲೋಮೀಟರ್. ಸುಮ್ನೆ ಅದೇ ಅಳತೆಯನ್ನು ನಮ್ಮೂರಿಗೂ ಹಚ್ಚಿದೆ. ಕೈಗಾ ಅಣು ಸ್ಥಾವರದಿಂದ ಯಲ್ಲಾಪುರಕ್ಕೆ 31. ನನಗೆ ಗೊತ್ತಿದ್ದದ್ದೇ. ಘಟ್ಟ ಇಳಿದರೆ ಕೈಗಾ. ಆದರೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಅಳೆದಿರಲಿಲ್ಲ. 1989ರಲ್ಲಿ ಕಾರಂತಜ್ಜ ಕೈಗಾ ಬೇಡ ಅಂತ ಲೋಕಸಭೆ ಚುನಾವಣೆಗೆ ನಿಂತ ಕತೆಯನ್ನು ಅಪ್ಪ ಎಷ್ಟೋ ಸಲ ಹೇಳಿದ್ದಾರೆ. ಕಾರಂತರು ಸೋತರು, ಸ್ಥಾವರ ಬಂತು. ಈ ಜನವರಿಯಲ್ಲಷ್ಟೇ ಅದರ ನಾಲ್ಕನೇ ಘಟಕದಿಂದ ಕರೆಂಟು ಹರಿಯತೊಡಗಿದೆ. ನಮಗೆ ಕೈಗಾ ಅಂದರೆ ನೆಂಟರ ಮಗನಿಗೆ ಸಿಕ್ಕ ಕೆಲಸ, ವರ್ಷಕ್ಕೊಮ್ಮೆ ಪೇಪರಿನಲ್ಲಿ ಬರುವ ಅಣಕು ಕಾರ್ಯಾಚರಣೆಯ ಫೋಟೋ, ಅಷ್ಟೇ.

ಮಾರ್ಚ್ 14, ಸೋಮವಾರ

ಹನ್ನೊಂದು ಗಂಟೆ ಒಂದು ನಿಮಿಷಕ್ಕೆ ಮೂರನೇ ರಿಯಾಕ್ಟರ್ ಕಟ್ಟಡ. ಈ ಸಲ ಹೊಗೆ ಕಪ್ಪು, ನೇರ ಮೇಲಕ್ಕೆ.

ಇವತ್ತಿನಿಂದ ಸರದಿಯ ಮೇಲೆ ಕರೆಂಟು ತೆಗೆಯುವುದು ಶುರು. ಊರುಗಳನ್ನು ಐದು ಗುಂಪು ಮಾಡಿದ್ದಾರೆ. ನಮ್ಮ ವಾರ್ಡು ಅದರಲ್ಲಿ ಇಲ್ಲ. ರೈಲು ಕಡಿಮೆ, ಎಸ್ಕಲೇಟರ್ ನಿಂತಿದೆ, ಅಂಗಡಿಗಳಲ್ಲಿ ಅರ್ಧ ದೀಪ. ಪಶ್ಚಿಮ ಜಪಾನಿನಲ್ಲಿ ಕರೆಂಟು ಬೇಕಾದಷ್ಟಿದೆ, ತರಲು ಆಗುವುದಿಲ್ಲ. ಮೇಜಿ ಕಾಲದಲ್ಲಿ ಟೋಕಿಯೋದವರು ಜರ್ಮನಿಯಿಂದ 50 ಹರ್ಟ್ಸಿನ ಜನರೇಟರ್ ತರಿಸಿದರು, ಒಸಾಕಾದವರು ಅಮೆರಿಕದಿಂದ 60ರದ್ದು. ನೂರು ವರ್ಷ ದಾಟಿದರೂ ದೇಶ ಹಾಗೇ ಎರಡು ಪಾಲಾಗಿದೆ. ನಡುವೆ ಬದಲಿಸಿ ಕೊಡುವ ಕೇಂದ್ರಗಳ ಸಾಮರ್ಥ್ಯ ಬಹಳ ಕಡಿಮೆ.

ರಾತ್ರಿ ಊಟದ ಹೊತ್ತಿಗೆ ಭಾವ ಹೇಳಿದ ಮಾತು ನನ್ನ ತಟ್ಟೆಯಲ್ಲೇ ನಿಂತಿತು. ಫುಕುಶಿಮಾದ ಮನೆಗಳಿಗೆ ಕರೆಂಟು ಕೊಡುವುದು ತೊಹೊಕು ಕಂಪನಿ. ಈ ಸ್ಥಾವರ ಟೋಕಿಯೋ ಕಂಪನಿಯದು, ಇಲ್ಲಿ ತಯಾರಾದದ್ದು ಬರುವುದು ಟೋಕಿಯೋ ಸುತ್ತಮುತ್ತಲಿಗೆ. ಅಂದರೆ ನಮ್ಮ ತಲೆ ಮೇಲೆ ಉರಿಯುತ್ತಿದ್ದ ದೀಪಕ್ಕೆ. ನಮ್ಮ ಊರಿನ ಕಾಡಿನ ಮೇಲೆ ಹಾದುಹೋಗುವ ದೊಡ್ಡ ತಂತಿಗಳು ನೆನಪಾದವು. ಅದರ ಕೆಳಗೆ ನಿಂತರೆ ಮಳೆಗಾಲದಲ್ಲಿ ಜುಂಯ್ ಅನ್ನುತ್ತದೆ. ಆ ಕರೆಂಟು ಎಲ್ಲಿಗೆ ಹೋಗುತ್ತದೆ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. ದೂರ, ಅಂದಿದ್ದರು ಅಪ್ಪ. ಆ ದೂರ ಅನ್ನುವ ಜಾಗದಲ್ಲಿ ಈಗ ನಾನೇ ಕೂತಿದ್ದೆ. ಎದ್ದು ಒಂದು ದೀಪ ಆರಿಸಿದೆ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಅಂತ ಗೊತ್ತಿತ್ತು. ಆದರೂ ಆರಿಸಿದೆ.

ಮಾರ್ಚ್ 15, ಮಂಗಳವಾರ

ಎಲ್ಲಕ್ಕಿಂತ ಕೆಟ್ಟ ದಿನ. ಬೆಳಿಗ್ಗೆ ಆರರ ಸುಮಾರಿಗೆ ನಾಲ್ಕನೇ ಕಟ್ಟಡ ಸಿಡಿಯಿತು, ಎರಡನೆಯದರಲ್ಲೂ ಏನೋ ಶಬ್ದ. ಹನ್ನೊಂದಕ್ಕೆ ಪ್ರಧಾನಿ ನಾವೋತೊ ಕಾನ್ ಬಂದು 20ರಿಂದ 30 ಕಿಲೋಮೀಟರ್ ಒಳಗಿನವರು ಮನೆಯಿಂದ ಹೊರಗೆ ಬರಬೇಡಿ ಅಂದರು. ಆಮೇಲೆ ಸಂಪುಟ ಕಾರ್ಯದರ್ಶಿ ಎದಾನೊ. ಐದು ದಿನದಿಂದ ಅದೇ ನೀಲಿ ಕೆಲಸದ ಅಂಗಿ, ನಿದ್ದೆ ಇಲ್ಲದ ಕಣ್ಣು. ಮೂರನೇ ರಿಯಾಕ್ಟರ್ ಹತ್ತಿರ ಗಂಟೆಗೆ 400 ಮಿಲಿಸೀವರ್ಟ್ ವಿಕಿರಣ ಅಂದರು. ಇಷ್ಟು ದಿನ ಮೈಕ್ರೋ ಅನ್ನುತ್ತಿದ್ದೆವು, ಇದು ಮಿಲಿ, ಅಂತ ಅವರೇ ಒತ್ತಿ ಹೇಳಿದರು. ಭಾವ ಅನುವಾದ ಮಾಡುತ್ತಿದ್ದವರು ನಿಲ್ಲಿಸಿದರು. ಮೈಕ್ರೋದಿಂದ ಮಿಲಿಗೆ ಸಾವಿರ ಪಟ್ಟು.

ಗಾಳಿ ಅವತ್ತು ಈಶಾನ್ಯದಿಂದ ಟೋಕಿಯೋ ಕಡೆಗೆ ಬೀಸುತ್ತಿತ್ತು. ಟೋಕಿಯೋದ ಶಿಂಜುಕುವಿನಲ್ಲಿ ವಿಕಿರಣದ ಅಳತೆ ಹತ್ತು ಗಂಟೆ ಸುಮಾರಿಗೆ ಒಂದು ಕ್ಷಣ ಗಂಟೆಗೆ 0.8 ಮೈಕ್ರೋಸೀವರ್ಟ್ ದಾಟಿತು. ಮಾಮೂಲಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಟೀವಿಯಲ್ಲಿ ಒಂದು ಪಟ್ಟಿ ತೋರಿಸುತ್ತಿದ್ದರು. ಎದೆಯ ಎಕ್ಸ್‌ರೇಗೆ ಇಷ್ಟು, ನ್ಯೂಯಾರ್ಕಿಗೆ ವಿಮಾನದಲ್ಲಿ ಹೋಗಿಬಂದರೆ ಇಷ್ಟು, ನಿಮ್ಮ ಊರಿನದು ಅದಕ್ಕಿಂತ ಕಡಿಮೆ, ತಕ್ಷಣ ಆರೋಗ್ಯಕ್ಕೆ ತೊಂದರೆ ಇಲ್ಲ. ಲೆಕ್ಕ ಸುಳ್ಳಲ್ಲ. ಆದರೆ ಎಕ್ಸ್‌ರೇ ಒಂದು ಸಲದ್ದು, ಇದು ಗಂಟೆಗೆ ಇಷ್ಟು. ಎಷ್ಟು ಗಂಟೆ ಅಂತ ಯಾರು ಹೇಳಬೇಕು? ಆ ಎರಡನ್ನು ಒಂದೇ ಪಟ್ಟಿಯಲ್ಲಿ ಹಾಕಿದ್ದು ಸರಿಯಲ್ಲ ಅಂತ ನನಗೆ ಅವತ್ತೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಅಷ್ಟೇ ಸುಳ್ಳಲ್ಲದ ಇನ್ನೊಂದು ಮಾತು: 0.8ರಲ್ಲಿ ಇಡೀ ದಿನ ಕೂತರೂ ದೊಡ್ಡವರಿಗೆ ಭಯ ಪಡುವಂಥದ್ದೇನೂ ಇರಲಿಲ್ಲ.

ಊರಿನಿಂದ ಮೆಸೇಜು ಮೇಲೆ ಮೆಸೇಜು. ಕುತ್ತಿಗೆಗೆ ಬೆಟಾಡಿನ್ ಹಚ್ಚಿಕೊಳ್ಳಿ, ಮಳೆಯಲ್ಲಿ ನೆನೆಯಬೇಡಿ. ಇಲ್ಲಿ ಕೆಲವರು ಬಾಯಿ ಮುಕ್ಕಳಿಸುವ ಅಯೋಡಿನ್ ಔಷಧವನ್ನು ಕುಡಿಯಲು ಹೊರಟಿದ್ದರು, ಕುಡಿಯಬೇಡಿ ಅಂತ ವಿಕಿರಣ ಸಂಸ್ಥೆಯವರು ಹೇಳಬೇಕಾಯಿತು.

ಅಕ್ಕ ಕಿಟಕಿ ಸಂದಿಗೆ ಒದ್ದೆ ಟವೆಲ್ ತುರುಕಿದಳು, ಅಡುಗೆಮನೆ ಫ್ಯಾನು ಬಂದ್ ಮಾಡಿದಳು. ಆಮೇಲೆ ನನ್ನ ಎದುರು ಕೂತು ಕೇಳಿದಳು. "ಕೆಮಿಸ್ಟ್ರಿ ಓದಿದವ್ಳು ನೀನೇ ಅಲ್ದಾ, ನೀನೇ ಹೇಳು. ಇರದಾ, ಹೋಗದಾ?" ನನ್ನ ಹತ್ತಿರ ಇದ್ದದ್ದು ಅರ್ಧಾಯುಷ್ಯದ ಪಟ್ಟಿ, ಅಂದರೆ ವಿಕಿರಣ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ. ಅಯೋಡಿನ್ 131ಕ್ಕೆ ಎಂಟು ದಿನ, ಸೀಸಿಯಂ 137ಕ್ಕೆ ಮೂವತ್ತು ವರ್ಷ. ಐದು ತಿಂಗಳ ಮಗುವಿನ ಗಂಟಲಿನ ಗ್ರಂಥಿ ಅಯೋಡಿನ್ನನ್ನು ದೊಡ್ಡವರಿಗಿಂತ ಜಾಸ್ತಿ ಹೀರುತ್ತದೆ ಅನ್ನುವುದೂ ಗೊತ್ತಿತ್ತು. ಹೋಗೋಣ ಅಂದೆ.

ಭಾವ ಬರಲಿಲ್ಲ, ಆಫೀಸು. ನಮ್ಮನ್ನು ಟೋಕಿಯೋ ಸ್ಟೇಷನ್‌ವರೆಗೆ ಬಿಟ್ಟರು. ಶಿಂಕಾನ್‌ಸೆನ್ ಬುಲೆಟ್ ರೈಲಿನ ತುಂಬ ಎಳೆ ಮಕ್ಕಳ ತಾಯಂದಿರು. ಯಾರೂ ಯಾರನ್ನೂ ಎಲ್ಲಿಗೆ ಅಂತ ಕೇಳಲಿಲ್ಲ.

ಮಾರ್ಚ್ 16ರಿಂದ 19, ಕೋಬೆ

ಭಾವನ ಪರಿಚಯದ ಮೈಸೂರಿನ ದಂಪತಿ ಕೋಬೆಯಲ್ಲಿದ್ದಾರೆ. ಎರಡು ಕೋಣೆಯ ಮನೆಯಲ್ಲಿ ಒಂದನ್ನು ನಮಗೆ ಬಿಟ್ಟುಕೊಟ್ಟರು. ಆ ಅಕ್ಕ ಬಿಸಿಬೇಳೆಬಾತ್ ಮಾಡಿ ಕಾಯುತ್ತಿದ್ದರು. ಊಟ ಮಾಡಿ ನಾನು ಹನ್ನೊಂದು ಗಂಟೆ ಮಲಗಿದೆ.

ಇಲ್ಲಿ ಎಲ್ಲ ಮಾಮೂಲು. ಅಂಗಡಿಯಲ್ಲಿ ಬ್ರೆಡ್, ರಸ್ತೆಯಲ್ಲಿ ದೀಪ, ಶಾಲೆ ಮಕ್ಕಳ ಗಲಾಟೆ. ಸ್ಥಾವರ 600 ಕಿಲೋಮೀಟರ್ ಆಚೆ. ನೆಮ್ಮದಿ ಆಯಿತು ಅಂದರೆ ಪೂರ್ತಿ ನಿಜವಲ್ಲ. ಟೀವಿ ಅದೇ, ಭಾವ ಅಲ್ಲೇ. ಅಕ್ಕ ಗಂಟೆಗೊಮ್ಮೆ ಫೋನು. "ಕಿಟಕಿ ಹಾಕಿದ್ರಾ?"

ಕೆಳಗಿನ ಮನೆಯ ಅಜ್ಜಿ 16ರ ಸಂಜೆ ಪುಟ್ಟಿಗೆ ಅಂತ ಸ್ಟ್ರಾಬೆರಿ ತಂದರು. ಆ ಹೊತ್ತಿಗೆ ಟೀವಿಯಲ್ಲಿ ಚಕ್ರವರ್ತಿ ಅಕಿಹಿತೊ ಮಾತಾಡಲು ಬಂದರು. ಅಜ್ಜಿ ಚಾಪೆಯ ಮೇಲೆ ಮಂಡಿಯೂರಿ, ಬೆನ್ನು ನೆಟ್ಟಗೆ ಮಾಡಿ ಕೂತರು. ಮುಗಿಯುವವರೆಗೆ ಅಲುಗಲಿಲ್ಲ. 1995ರ ಜನವರಿ 17ರ ಕೋಬೆ ಭೂಕಂಪದಲ್ಲಿ ಅವರ ಹಳೆ ಮನೆ ಬಿದ್ದಿತ್ತು. ಆಗ ಟೋಕಿಯೋದವರು ನಮಗೆ ಕಂಬಳಿ ಕಳಿಸಿದ್ದರು, ಈಗ ನಮ್ಮ ಸರದಿ ಅಂದರು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು. ಮೈಸೂರಿನ ಅಕ್ಕ ಅದನ್ನು ಕನ್ನಡದಲ್ಲಿ ಹೇಳಿದರು: "ನಮ್ಮ ದೀಪಕ್ಕೂ ಕರೆಂಟು ಬರೋದು ವಕಾಸಾ ಕೊಲ್ಲಿಯ ಅಣು ಸ್ಥಾವರಗಳಿಂದಲೇ ಅಂತೆ. ಅಲ್ಲಿ ಹದಿಮೂರು ರಿಯಾಕ್ಟರ್ ಇದೆಯಂತೆ." ರಾತ್ರಿ ಅಳೆದೆ. ತಕಾಹಾಮಾದಿಂದ ಕೋಬೆಗೆ ನೂರು ಕಿಲೋಮೀಟರ್ ಕೂಡ ಇಲ್ಲ.

17ಕ್ಕೆ ಮಿಲಿಟರಿ ಹೆಲಿಕಾಪ್ಟರುಗಳು ಮೂರನೇ ರಿಯಾಕ್ಟರ್ ಮೇಲೆ ನೀರು ಸುರಿದವು. ಗಾಳಿಗೆ ನೀರು ಜಾಲರಿಯ ಹಾಗೆ ಹರಡಿಹೋಯಿತು. ಅಮೆರಿಕ ತನ್ನವರಿಗೆ 80 ಕಿಲೋಮೀಟರ್ ದೂರ ಇರಿ ಅಂದಿತು. ಜಪಾನ್ ಹೇಳಿದ್ದು 20. ಯಾರ ಮಾತು ಹಿಡಿಯಬೇಕು? 18ಕ್ಕೆ ಅಪಘಾತದ ಮಟ್ಟವನ್ನು 4ರಿಂದ 5 ಮಾಡಿದರು. ಅದು 7, ಅಂದರೆ ಎಲ್ಲಕ್ಕಿಂತ ಮೇಲಿನ ಮಟ್ಟ, ಅಂತ ಒಪ್ಪಿಕೊಂಡದ್ದು ಏಪ್ರಿಲ್ 12ಕ್ಕೆ, ನಾನು ಊರಿಗೆ ಮರಳಿದ ಮೇಲೆ.

ಮಾರ್ಚ್ 20, ಭಾನುವಾರ

ಮರಳೋಣ ಅಂದವಳು ನಾನೇ. ಸ್ಥಾವರಕ್ಕೆ ಹೊರಗಿನ ಕರೆಂಟು ಮುಟ್ಟಿತು ಅಂತ ಸುದ್ದಿ. ಶಿಂಜುಕುವಿನ ಅಂಕಿ ದಿನದಿಂದ ದಿನಕ್ಕೆ ಇಳಿಯುತ್ತಿತ್ತು, ನಾನು ನೋಟ್‌ಬುಕ್‌ನಲ್ಲಿ ಗ್ರಾಫ್ ಹಾಕಿಟ್ಟಿದ್ದೆ. ಎರಡು ಕೋಣೆಯ ಮನೆಯಲ್ಲಿ ಎಷ್ಟು ದಿನ ಇರುವುದು? ಅಕ್ಕನಿಗೆ ಗ್ರಾಫ್ ತೋರಿಸಿದೆ, ಅವಳು ಒಪ್ಪಿದಳು. ಸಂಜೆ ನಿಶಿಕಸಾಯಿ. ಭಾವ ಪುಟ್ಟಿಯನ್ನು ಎತ್ತಿಕೊಂಡು ಬಹಳ ಹೊತ್ತು ಮಾತಾಡಲಿಲ್ಲ.

ಮಾರ್ಚ್ 21, 22

ಮಳೆ. ತಣ್ಣನೆಯ ಸಣ್ಣ ಮಳೆ. ಗಾಳಿ ಮತ್ತೆ ಇತ್ತ ತಿರುಗಿತ್ತು. ಆಕಾಶದಲ್ಲಿದ್ದದ್ದನ್ನೆಲ್ಲ ಮಳೆ ನೆಲಕ್ಕೆ ಇಳಿಸುತ್ತದೆ ಅಂತ ನನಗೆ ಗೊತ್ತಿರಬೇಕಿತ್ತು. ನಾನು ಗಾಳಿಯ ಅಂಕಿ ನೋಡಿದೆ, ನದಿಯನ್ನು ನೆನೆಯಲಿಲ್ಲ. ಫುಕುಶಿಮಾ ಸುತ್ತಲಿನ ಹಾಲು, ಪಾಲಕ್ ಸೊಪ್ಪು ಮಾರಬಾರದು ಅಂತ 21ಕ್ಕೆ ಆದೇಶ ಬಂತು.

ಮಾರ್ಚ್ 23, ಬುಧವಾರ

ಮಧ್ಯಾಹ್ನ ಭಾವ ಆಫೀಸಿನಿಂದ ಫೋನು ಮಾಡಿದರು. "ಪುಟ್ಟಿಗೆ ನಲ್ಲಿ ನೀರಿನಲ್ಲಿ ಹಾಲಿನ ಪುಡಿ ಕಲಸಬೇಡಿ." ಕನಾಮಾಚಿ ನೀರು ಶುದ್ಧೀಕರಣ ಕೇಂದ್ರದಲ್ಲಿ ಲೀಟರಿಗೆ 210 ಬೆಕ್ವೆರೆಲ್ ಅಯೋಡಿನ್ 131. ದೊಡ್ಡವರಿಗೆ 300ರವರೆಗೆ ಪರವಾಗಿಲ್ಲ, ಹಸುಗೂಸುಗಳಿಗೆ ಮಿತಿ 100. ಎಡೊಗಾವಾ ನದಿಯ ನೀರು ಅದು, ನಮ್ಮ ನಲ್ಲಿಗೆ ಬರುವ ನೀರು. ಅಕ್ಕನ ಕೈಯಲ್ಲಿ ಆಗಷ್ಟೇ ಕಲಸಿದ ಬಾಟಲಿ ಇತ್ತು. ಸಿಂಕಿಗೆ ಸುರಿದಳು. ನಿನ್ನೆಯದು, ಬೆಳಿಗ್ಗೆಯದು ಪುಟ್ಟಿಯ ಹೊಟ್ಟೆಯಲ್ಲಿ. ಅವಳು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

"ಕುದಿಸಿದ್ರೆ ಹೋಗ್ತಿಲ್ಯಾ?" ಅಂತ ಕೇಳಿದಳು. ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಹೀಗೆ ಹೇಳುವಾಗ ನನ್ನ ದನಿ ಕ್ಲಾಸಿನಲ್ಲಿ ಉತ್ತರ ಒಪ್ಪಿಸಿದ ಹಾಗಿತ್ತು.

ಓಡಿದೆ. ಮೊದಲ ಅಂಗಡಿಯಲ್ಲಿ ನೀರಿಲ್ಲ. ಎರಡನೆಯದರಲ್ಲಿ ಇಲ್ಲ. ಬೀದಿಯ ವೆಂಡಿಂಗ್ ಮಷಿನ್‌ಗಳಲ್ಲಿ ನೀರಿನ ಬಾಟಲಿ ಇರುವ ಕಡೆಯೆಲ್ಲ ಮುಗಿದಿದೆ ಅನ್ನುವ ಕೆಂಪು ದೀಪ, ಪಕ್ಕದಲ್ಲೇ ಕಾಫಿ, ಚಹ, ಕಿತ್ತಳೆ ರಸ ಸಾಲಾಗಿ ನಿಂತಿವೆ. ಒಂದು ಅಂಗಡಿಯ ಶೆಲ್ಫಿನಲ್ಲಿ ಫ್ರಾನ್ಸಿನ ಬಾಟಲಿಗಳು ಉಳಿದಿದ್ದವು. ಖುಷಿಯಿಂದ ಎತ್ತಿಕೊಂಡೆ. ಒಬ್ಬ ಜಪಾನಿ ತಾಯಿ, ಬೆನ್ನಿಗೆ ಮಗು ಕಟ್ಟಿಕೊಂಡವಳು, ನನ್ನ ಕೈಯ ಬಾಟಲಿ ನೋಡಿ ತಲೆ ಅಲ್ಲಾಡಿಸಿದಳು. ಗಡುಸು ನೀರು, ಮಗುವಿಗೆ ಆಗದು ಅಂತ ಸನ್ನೆ ಮಾಡಿ ತೋರಿಸಿದಳು. ತನ್ನ ಬುಟ್ಟಿಯಲ್ಲಿದ್ದ ಎರಡು ಮೆದು ನೀರಿನ ಬಾಟಲಿಗಳಲ್ಲಿ ಒಂದನ್ನು ನನ್ನ ಬುಟ್ಟಿಗೆ ಹಾಕಿದಳು. ನಾನು ಬೇಡ ಬೇಡ ಅಂದೆ. ಅವಳು ಆಗಲೇ ಕೌಂಟರ್ ಕಡೆ ನಡೆದಿದ್ದಳು.

ಅದೇ ದಿನ ಸರ್ಕಾರ ಗಾಳಿ ವಿಕಿರಣವನ್ನು ಎತ್ತ ಒಯ್ಯುತ್ತದೆ ಅನ್ನುವ ನಕ್ಷೆಯನ್ನು ಮೊದಲ ಸಲ ಹೊರಗೆ ಬಿಟ್ಟಿತು. ಅದು ವೃತ್ತವೇ ಆಗಿರಲಿಲ್ಲ. 30 ಕಿಲೋಮೀಟರ್ ಆಚೆ, ವಾಯವ್ಯಕ್ಕಿರುವ ಇಇತಾತೆ ಅನ್ನುವ ಹಳ್ಳಿಯಲ್ಲಿ 15ರ ರಾತ್ರಿಯೇ ಮಳೆ, ಹಿಮದ ಜತೆ ಸೀಸಿಯಂ ಇಳಿದಿತ್ತು. ಅವರಿಗೆ ಊರು ಬಿಡಿ ಅಂತ ಅಧಿಕೃತವಾಗಿ ಹೇಳಿದ್ದು ಏಪ್ರಿಲ್ 22ಕ್ಕೆ. ಸ್ಥಾವರದ ಹತ್ತಿರದಿಂದ ಓಡಿಬಂದವರಿಗೆ ಅದೇ ಹಳ್ಳಿಯವರು ಆಶ್ರಯ ಕೊಟ್ಟಿದ್ದರು.

ಮಾರ್ಚ್ 24, ಗುರುವಾರ

ಇವತ್ತಿನ ಅಂಕಿ 79. ಕುಡಿಸಬಹುದು ಅಂದರು. ಅದೇ ಹೊತ್ತಿಗೆ ವಾರ್ಡಿನವರು ಮಗು ಇರುವ ಮನೆಗಳಿಗೆ ನೀರು ಹಂಚಿದರು. ಟೋಕಿಯೋದ 80,000 ಹಸುಗೂಸುಗಳಿಗೆ ತಲಾ ಮೂರು ಬಾಟಲಿ. 550 ಮಿಲಿಲೀಟರಿನವು. ಅಕ್ಕ ಕ್ಯೂನಲ್ಲಿ ನಿಂತು ತಂದಳು, ಮೇಜಿನ ಮೇಲೆ ಸಾಲಾಗಿ ಇಟ್ಟಳು.

ಕೈಗಾದಲ್ಲಿ 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ವಿಕಿರಣ ಸೂಸುವ ಟ್ರಿಟಿಯಂ ಸೇರಿತ್ತು. ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಕಂಡುಬಂತು. ಆಗ ನಾನು ಧಾರವಾಡದ ಹಾಸ್ಟೆಲಿನಲ್ಲಿ ಆ ಸುದ್ದಿ ಓದಿ ಪೇಪರ್ ಮಡಚಿ ಇಟ್ಟಿದ್ದೆ. ಆ ಐವತ್ತು ಮಂದಿಯ ಮನೆಯವರು ಅವತ್ತು ರಾತ್ರಿ ಏನು ಮಾತಾಡಿರಬಹುದು ಅಂತ ಈಗ ಯೋಚನೆ ಬಂತು.

ಮಾರ್ಚ್ 26, ಶನಿವಾರ

ನನ್ನ ಟಿಕೆಟ್ ಇವತ್ತಿಗೇ ಇತ್ತು. ಪುಟ್ಟಿಯ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ, ಬಂದರೂ ಭಾವನನ್ನು ಬಿಟ್ಟು ಬರಲಾರೆ ಅಂದಳು ಅಕ್ಕ. ನಾನು ಉಳಿಯುತ್ತೇನೆ ಅಂದೆ. "ನೀ ಉಳಿದ್ರೆ ಆಯಿಗೆ ಇಬ್ರ ಚಿಂತೆ" ಅಂದಳು. ನರಿತಾ ರೈಲಿನ ಕಿಟಕಿಯಿಂದ ಚೆರ್ರಿ ಮರಗಳು ಕಂಡವು. ಮೊಗ್ಗು ಬಿಗಿಯಾಗಿತ್ತು.

ಮಾರ್ಚ್ 28, ಸೋಮವಾರ, ಯಲ್ಲಾಪುರ

ಬೆಳಿಗ್ಗೆ ಬೆಂಗಳೂರಿನ ಬಸ್ ಇಳಿದು ಮನೆಗೆ ಬಂದಾಗ ಕರೆಂಟು ಇರಲಿಲ್ಲ. ಲೋಡ್ ಶೆಡ್ಡಿಂಗು. ಆಯಿ ಬಾವಿಯಿಂದ ಸೇದಿದ ನೀರನ್ನು ತಂಬಿಗೆಯಲ್ಲಿ ತಂದುಕೊಟ್ಟಳು, ಜತೆಗೆ ಬೆಲ್ಲ. ನಾನು ನೀರು ನೋಡುತ್ತಾ ನಿಂತಿದ್ದೆ. "ಎಂತ, ಕಸ ಬಿದ್ದಿದ್ದಾ?" ಅಂತ ಆಯಿ ಬಗ್ಗಿ ನೋಡಿದಳು. ಇಲ್ಲ ಅಂದು ಕುಡಿದೆ.

ಅಪ್ಪ ಜಿಲ್ಲೆಯ ನಕ್ಷೆ ಹರಡಿದರು, ಅವರೇ. ನಾನೇನೂ ಕೇಳಿರಲಿಲ್ಲ. ಒಂದು ತುಂಡು ದಾರದ ತುದಿಯನ್ನು ಕೈಗಾ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ನಮ್ಮ ಮನೆಯ ಕಡೆಗೆ ಎಳೆದರು. "ಇವು ಗಾಳಿ ಯಾವ ಕಡೆ ಹೇಳ್ತ್ವನೇ ನಮಗೆ?" ಅಂದರು. ನಮ್ಮಲ್ಲಿ ಮಳೆಗಾಲದ ಗಾಳಿ ಸಮುದ್ರದಿಂದ ಘಟ್ಟ ಹತ್ತಿ ಬರುತ್ತದೆ. ಅದನ್ನು ಅಪ್ಪನಿಗೆ ನಾನು ಹೇಳಬೇಕಿರಲಿಲ್ಲ.

ಸಂಜೆ ಅಕ್ಕನ ಫೋನು. ಪುಟ್ಟಿ ಮಗುಚಿಕೊಂಡಳಂತೆ, ಮೊದಲ ಸಲ. ನಲ್ಲಿ ನೀರು ಸರಿಯಾಗಿದೆ ಅಂತ ದಿನಾ ಹೇಳುತ್ತಿದ್ದಾರೆ, ಹಾಲಿಗೂ ಅದನ್ನೇ ಬಳಸುತ್ತಿದ್ದೇನೆ ಅಂದಳು. ವಾರ್ಡಿನವರು ಕೊಟ್ಟ ಬಾಟಲಿಗಳಲ್ಲಿ ಎರಡು ಖರ್ಚಾಗಿವೆ. ಮೂರನೆಯದನ್ನು ತೆರೆದಿಲ್ಲವಂತೆ. ಕಪಾಟಿನ ಹಿಂದೆ, ಸಾಸಿವೆ ಡಬ್ಬಿಯ ಪಕ್ಕ ಇಟ್ಟಿದ್ದಾಳೆ.